ಹೊಲದಡಿಯ ಗ್ಯಾಸು ಕೊಳವೆ: ಕಟ್ಟುಪಾಡು ಕಂಪನಿಗೂ ಉಂಟು

ಖಾನಾಪುರ ತಾಲ್ಲೂಕಿನ ಜಾಂಬೋಟಿ ಸೀಮೆಯ ರೈತರಿಗೆ ಅತಿಮಳೆ, ಕಾಡುಹಂದಿ, ಕಾಡುಕೋಣಗಳ ಕಾಟ ಹೊಸದಲ್ಲ. ನೆಲದ ಮೇಲಿನ ಈ ಅಪಾಯಗಳು ಕಣ್ಣಿಗೆ ಕಾಣುತ್ತವೆ. ನೆಲದಡಿಯ ಅಪಾಯ ಹಾಗಲ್ಲ. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಗೇಲ್ ಸಂಸ್ಥೆ ಹಾಸಿದ ಸುಮಾರು 1,000 ಕಿಲೋಮೀಟರ್ ಉದ್ದದ ನೈಸರ್ಗಿಕ ಅನಿಲದ ಕೊಳವೆಮಾರ್ಗ 2013ರಲ್ಲಿ ಕೆಲಸಕ್ಕೆ ಬಂತು. ಬೆಳಗಾವಿ, ಧಾರವಾಡ, ಗದಗ, ಬಳ್ಳಾರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಹೊಲಗಳನ್ನು ಅದು ಹಾಯ್ದು ಹೋಗುತ್ತದೆ. ಗೋಕಾಕದ ಬಳಿಯಿಂದ ಗೋವೆಯ ಕಡೆಗೂ ಅದರ ಒಂದು ಕವಲು ಇದೆ. ಬೆಳಗಾವಿ ಜಿಲ್ಲೆಯ ರೈತರು ಈ ಬಗ್ಗೆ ನಾಲ್ಕು ಮಾತು ತಿಳಿದಿರುವುದು ಒಳ್ಳೆಯದು.

ಭೂಮಿ ನಿಮ್ಮದು, ಬಳಕೆಯ ಹಕ್ಕು ಅವರದು

ಇಂಥ ಕೊಳವೆ ಹಾಕಲು ಸರಕಾರ ನಿಮ್ಮ ಭೂಮಿಯನ್ನು ಕೊಳ್ಳುವುದಿಲ್ಲ. 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗ ಕಾಯಿದೆಯ ಪ್ರಕಾರ ಬಳಕೆಯ ಹಕ್ಕನ್ನು ಮಾತ್ರ ಪಡೆಯುತ್ತದೆ. ಒಡೆತನ ನಿಮ್ಮದೇ. ಭತ್ತ, ಗೆಣಸು, ಮೆಣಸಿನಕಾಯಿ ಮೊದಲಾದ ಬೆಳೆಗಳನ್ನು ಎಂದಿನಂತೆ ಬೆಳೆಯಬಹುದು. ಆದರೆ ಆ ಪಟ್ಟಿಯಲ್ಲಿ ಮನೆ, ಕೊಟ್ಟಿಗೆ ಕಟ್ಟುವಂತಿಲ್ಲ. ಬಾವಿ, ಕೆರೆ ತೋಡುವಂತಿಲ್ಲ. ಗೋಡಂಬಿ, ಮಾವು, ತೆಂಗು ಹೀಗೆ ಯಾವ ಮರವನ್ನೂ ನೆಡುವಂತಿಲ್ಲ.

ಹೊಸ ಕೊಳವೆಗಾಗಿ ಪ್ರಕಟಣೆ ಹೊರಟರೆ, ತಕರಾರು ಸಲ್ಲಿಸಲು 21 ದಿನಗಳ ಅವಕಾಶವಿದೆ. ಬಳಕೆಯ ಹಕ್ಕಿಗಾಗಿ ಭೂಮಿಯ ಮಾರುಕಟ್ಟೆ ಬೆಲೆಯ ಶೇಕಡಾ 10ರಷ್ಟು ಕೊಡಬೇಕು. ಬೆಳೆ, ಮರಗಳಿಗೆ ಆದ ಹಾನಿಯ ಪರಿಹಾರ ಇದರಲ್ಲಿ ಸೇರಿಲ್ಲ, ಅದು ಬೇರೆ. ಮುಂದೆ ದುರಸ್ತಿಗೆಂದು ಬಂದು ಪೈರು ತುಳಿದರೂ ಪರಿಹಾರ ಕೇಳುವ ಹಕ್ಕು ನಿಮಗಿದೆ. ಗೊತ್ತುಮಾಡಿದ ಮೊತ್ತ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಬಳಿ ಹೋಗಬಹುದು. ಹೊಲ ಕೊಳ್ಳುವವರು ಮೊದಲು ಉತಾರ ತೆಗೆಸಿ, ಇಂಥ ಹಕ್ಕು ಅದರಲ್ಲಿ ದಾಖಲಾಗಿದೆಯೇ ಎಂದು ತಲಾಠಿಯವರಲ್ಲಿ ವಿಚಾರಿಸಿ ಮುಂದುವರಿಯಿರಿ.

ಕೊಳವೆಗೆ ಬೇಕೆಂದೇ ಹಾನಿ ಮಾಡಿದವರಿಗೆ 2011ರ ತಿದ್ದುಪಡಿಯಂತೆ 3ರಿಂದ 10 ವರ್ಷಗಳವರೆಗೆ ಕಠಿಣ ಶಿಕ್ಷೆ ಇದೆ. ಇಷ್ಟನ್ನು ರೈತರಿಗೆ ಎಲ್ಲರೂ ಹೇಳುತ್ತಾರೆ. ಕಂಪನಿಯ ಮೇಲೆ ಯಾವ ಹೊಣೆ ಇದೆ ಎಂಬುದನ್ನು ಹೇಳುವವರು ಕಡಿಮೆ.

ಕಂಪನಿಯ ಹೊಣೆ ಏನು?

2006ರ ಕಾಯಿದೆಯ ಮೇರೆಗೆ ದೆಹಲಿಯಲ್ಲಿ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಇದೆ. ಕೊಳವೆಗಳ ಸುರಕ್ಷತಾ ನಿಯಮಗಳನ್ನು ಅದು 2009ರಲ್ಲಿ, ತುರ್ತು ಸಂದರ್ಭದ ನಿಯಮಗಳನ್ನು 2010ರಲ್ಲಿ ಹೊರಡಿಸಿತು. ಇವುಗಳಂತೆ ಕಂಪನಿ ಕೊಳವೆಯ ಜಾಡಿನಲ್ಲಿ ಗುರುತಿನ ಕಂಬ ನೆಡಬೇಕು, ಕಾವಲು ತಿರುಗಬೇಕು, ತುಕ್ಕು ಹಿಡಿಯದಂತೆ ಕಾಪಾಡಬೇಕು, ಅಪಘಾತವಾದರೆ ಏನು ಮಾಡಬೇಕೆಂಬ ಯೋಜನೆ ಇಟ್ಟುಕೊಂಡಿರಬೇಕು. ಸುತ್ತಲಿನ ಊರವರಿಗೆ ತಿಳಿವಳಿಕೆ ಕೊಡುವುದೂ ಅದರದೇ ಕೆಲಸ. ಮಂಡಳಿಯ ನಿರ್ದೇಶನ ಮೀರಿದರೆ ಪ್ರತಿ ತಪ್ಪಿಗೆ 1 ಕೋಟಿ ರೂಪಾಯಿವರೆಗೆ, ತಪ್ಪು ಮುಂದುವರಿದರೆ ದಿನಕ್ಕೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಕಾಯಿದೆ ಗಟ್ಟಿಯಾಗಿದೆ. ಆದರೆ ದೆಹಲಿಯ ಮಂಡಳಿಗೆ ನಿಮ್ಮ ಗದ್ದೆಯ ಬದುವು ಕಾಣುವುದಿಲ್ಲ. ಅದನ್ನು ದಿನವೂ ನೋಡುವವರು ನೀವು.

ನಗರಂ ಕಲಿಸಿದ ಪಾಠ

ಆಂಧ್ರಪ್ರದೇಶದ ಆಗಿನ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಎಂಬ ಊರಿನಲ್ಲಿ 2014ರ ಜೂನ್ 27ರ ಬೆಳಗಿನ ಜಾವ ಗೇಲ್ ಸಂಸ್ಥೆಯ 18 ಇಂಚಿನ ಕೊಳವೆ ಸೋರಿ ಬೆಂಕಿ ಹೊತ್ತಿತು. 20ಕ್ಕೂ ಹೆಚ್ಚು ಜನ ಸತ್ತರು. ಮನೆಗಳ ಜೊತೆಗೆ ತೆಂಗಿನ ತೋಟಗಳೂ ಸುಟ್ಟುಹೋದವು. ಒಣ ಅನಿಲಕ್ಕೆಂದು ಹಾಕಿದ ಕೊಳವೆಯಲ್ಲಿ ನೀರಿನ ಅಂಶವಿರುವ ಅನಿಲ ಹರಿದು, ಒಳಗಿನಿಂದ ತುಕ್ಕು ಹಿಡಿದಿತ್ತು ಎಂದು ತನಿಖೆಯಲ್ಲಿ ಕಂಡುಬಂತು. ಸೋರಿಕೆಯ ಬಗ್ಗೆ ಮೊದಲೇ ಹೇಳಿದ್ದೆವು, ಯಾರೂ ಕಿವಿಗೊಡಲಿಲ್ಲ ಎಂದು ಊರವರು ದೂರಿದರು. ಆದರೆ ಬಾಯಿಮಾತಿನ ದೂರಿಗೆ ತಾರೀಖು ಇರುವುದಿಲ್ಲ, ಸಹಿ ಇರುವುದಿಲ್ಲ. ಅನಾಹುತದ ನಂತರ ಯಾರಿಗೆ ಹೇಳಿದಿರಿ, ಯಾವಾಗ ಹೇಳಿದಿರಿ ಎಂಬ ಪ್ರಶ್ನೆಗೆ ಅದು ಉತ್ತರ ಕೊಡಲಾರದು.

ದಾಖಲೆಯ ಬೆಲೆ ಎಷ್ಟೆಂಬುದಕ್ಕೆ ಅಮೆರಿಕದ ಒಂದು ಪ್ರಕರಣ ನೋಡಿ. ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೊ ಊರಿನಲ್ಲಿ 2010ರ ಸೆಪ್ಟೆಂಬರ್ 9ರಂದು ಕೊಳವೆ ಸಿಡಿದು 8 ಮಂದಿ ಸತ್ತರು. 1956ರಲ್ಲಿ ಹೂಳಿದ ಆ ಕೊಳವೆಗೆ ಬೆಸುಗೆಯೇ ಇಲ್ಲವೆಂದು ಕಂಪನಿಯ ಕಡತ ಹೇಳುತ್ತಿತ್ತು. ಅಗೆದು ನೋಡಿದರೆ ಬೆಸುಗೆಯೇ ಕಿತ್ತಿತ್ತು. ಅಲ್ಲಿನ ನಿಯಂತ್ರಣ ಆಯೋಗ 2015ರಲ್ಲಿ ಕಂಪನಿಗೆ 160 ಕೋಟಿ ಡಾಲರ್ ದಂಡ ವಿಧಿಸಿತು. 2016ರಲ್ಲಿ ನ್ಯಾಯಾಲಯದಲ್ಲಿ ಅಪರಾಧವೂ ಸಾಬೀತಾಯಿತು. ಇಷ್ಟೆಲ್ಲ ಆದದ್ದು ಕಾಗದಪತ್ರಗಳ ಆಧಾರದಿಂದಲೇ.

ಈ ಚಿಹ್ನೆಗಳನ್ನು ಗಮನಿಸಿರಿ

ಅಡಿಗೆಯ ಸಿಲಿಂಡರಿನ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ. ದೂರ ಸಾಗಿಸುವ ಮುಖ್ಯ ಕೊಳವೆಯ ಅನಿಲಕ್ಕೆ ವಾಸನೆ ಇಲ್ಲದಿರಬಹುದು. ಆದ್ದರಿಂದ ಮೂಗನ್ನೇ ನಂಬಬೇಡಿ.

1. ನಿಂತ ನೀರಿನ ಭತ್ತದ ಗದ್ದೆಯಲ್ಲಿ ಒಂದೇ ಕಡೆ ಎಡೆಬಿಡದೆ ಗುಳ್ಳೆ ಏಳುವುದು.
2. ಹಸಿರು ಪೈರಿನ ನಡುವೆ ಕಾರಣವಿಲ್ಲದೆ ಒಂದು ತುಂಡು ಒಣಗುವುದು.
3. ನೆಲದಿಂದ ಬುಸ್ಸೆಂಬ ಸದ್ದು, ಅಥವಾ ಗಾಳಿಯಿಲ್ಲದಾಗಲೂ ಧೂಳು ಏಳುವುದು.
4. ಮಳೆಗೆ ಮಣ್ಣು ಕೊಚ್ಚಿಹೋಗಿ ಕೊಳವೆ ಹೊರಗೆ ಕಾಣುವುದು. ಜಾಂಬೋಟಿ, ಕಣಕುಂಬಿ ಕಡೆಯಂಥ ಇಳಿಜಾರು ನೆಲಗಳಲ್ಲಿ, ಹಳ್ಳದ ದಂಡೆಗಳಲ್ಲಿ ಪ್ರತಿ ಮಳೆಗಾಲದ ನಂತರ ಇದನ್ನು ನೋಡತಕ್ಕದ್ದು.
5. ಗುರುತಿನ ಕಂಬ ಬಿದ್ದಿರುವುದು ಇಲ್ಲವೆ ಅಕ್ಷರ ಅಳಿಸಿರುವುದು.

ಸೋರಿಕೆಯ ಸಂಶಯ ಬಂದರೆ ಬೀಡಿ, ಕಡ್ಡಿ ಗೀರಬೇಡಿ. ಪಂಪಸೆಟ್ಟಿನ ಸ್ವಿಚ್ಚು ಒತ್ತಬೇಡಿ, ಟ್ರ್ಯಾಕ್ಟರ್ ಚಾಲೂ ಮಾಡಬೇಡಿ. ಗಾಳಿ ಬೀಸಿಬರುವ ದಿಕ್ಕಿಗೆ ಸರಿದು, ಜನ ದನಗಳನ್ನು ದೂರ ಸಾಗಿಸಿ. ಮಣ್ಣು ಮುಚ್ಚಲು, ಬೆಂಕಿ ಆರಿಸಲು ಹೋಗಬೇಡಿ. ದೂರ ಹೋದ ಮೇಲೆ ಕಂಬದ ಮೇಲಿನ ಕಂಪನಿಯ ನಂಬರಿಗೆ ಮತ್ತು 112ಕ್ಕೆ ಫೋನು ಮಾಡಿ. ಆ ನಂಬರನ್ನು ಈಗಲೇ ಬರೆದಿಟ್ಟುಕೊಳ್ಳಿ. ಸೋರಿದ ದಿನ ಕಂಬದ ಹತ್ತಿರ ಹೋಗಿ ಓದಲಾಗದು.

ಜೆಸಿಬಿಯಿಂದ ಬದು ಹಾಕಿಸುವಾಗ, ಬೋರು ಕೊರೆಸುವಾಗ ಕಂಪನಿಯವರನ್ನು ಮುಂಚೆಯೇ ಕರೆಸಿ ಜಾಡು ತೋರಿಸಿಕೊಳ್ಳಿ. ಗುತ್ತಿಗೆದಾರರು ರಸ್ತೆ, ನೀರಿನ ಪೈಪು ಇತ್ಯಾದಿಗಾಗಿ ಅಗೆಯುವ ಮುನ್ನ ತಿಳಿಸಲೆಂದು ಕೇಂದ್ರ ಸರಕಾರ 2023ರಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಮೊಬೈಲ್ ವ್ಯವಸ್ಥೆ ತಂದಿದೆ. ನಿಮ್ಮೂರಲ್ಲಿ ಅಗೆಯಲು ಬಂದವರನ್ನು ಅದರ ಬಗ್ಗೆ ಕೇಳಿರಿ.

ದೂರು ಬರೆಯುವ ಬಗೆ

ತುರ್ತು ಇದ್ದರೆ ಮೊದಲು ಫೋನು, ಆಮೇಲೆ ಕಾಗದ. ಕಾಗದದಲ್ಲಿ ಊರು, ಸರ್ವೆ ನಂಬರು, ಹತ್ತಿರದ ಕಂಬದ ನಂಬರು, ಕಂಡ ದಿನ ಮತ್ತು ವೇಳೆ, ಕಂಡದ್ದೇನು, ಫೋನು ಮಾಡಿದ್ದು ಯಾವಾಗ ಎಂಬುದಿಷ್ಟು ಇರಲಿ. ದೂರದಿಂದ ತೆಗೆದ ಫೋಟೋ ಇದ್ದರೆ ಜೋಡಿಸಿರಿ. ಒಂದು ಪ್ರತಿ ಕಂಪನಿಗೆ, ಒಂದು ತಹಸೀಲ್ದಾರರ ಮೂಲಕ ಜಿಲ್ಲಾಧಿಕಾರಿಗಳಿಗೆ, ಒಂದು ದೆಹಲಿಯ ಮಂಡಳಿಗೆ ಹೋಗಲಿ. ಕಚೇರಿಯಲ್ಲಿ ಕೊಟ್ಟದ್ದಕ್ಕೆ ಸ್ವೀಕೃತಿ ಸಹಿ ಪಡೆಯಿರಿ. ದೂರಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಶೀದಿ ಇಟ್ಟುಕೊಳ್ಳಿ. ಒಬ್ಬರ ಸಹಿಗಿಂತ ಹತ್ತು ಹೊಲದವರ ಸಹಿ, ಅದಕ್ಕಿಂತ ಗ್ರಾಮಸಭೆಯ ಠರಾವು ಹೆಚ್ಚು ತೂಕದ್ದು.

ಬೆಳೆಸಾಲದ ರಶೀದಿಯನ್ನು ಎಷ್ಟು ಜೋಪಾನವಾಗಿ ಪೆಟ್ಟಿಗೆಯಲ್ಲಿ ಇಡುತ್ತೀರೋ ಈ ದೂರಿನ ಪ್ರತಿಯನ್ನೂ ಅಷ್ಟೇ ಜೋಪಾನವಾಗಿ ಇಡಿರಿ. ತಪಾಸಣೆಗೆ ಬಂದ ಅಧಿಕಾರಿಯ ಮುಂದೆ ಮೊದಲು ಇಡಬೇಕಾದ ಕಾಗದ ಅದೇ.