ಕನಿಕರವಿಲ್ಲದ ಗೌರವ: ಲೈಬ್ಲ್‌ನ ‘ಚರ್ಚಿನಲ್ಲಿ ಮೂವರು ಸ್ತ್ರೀಯರು’

ಅರಸರು, ಯುದ್ಧಗಳು ಹಾಗೂ ಪುರಾಣಕಥೆಗಳನ್ನು ಬಿಟ್ಟು ಜನಸಾಮಾನ್ಯರ ನಿತ್ಯದ ಬದುಕನ್ನೇ ವಸ್ತುವಾಗಿಸಿಕೊಳ್ಳುವ ಚಿತ್ರಪ್ರಕಾರವನ್ನು ಜನಜೀವನ ಚಿತ್ರವೆಂದು ಕರೆಯಬಹುದು. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ, ವಿಶೇಷವಾಗಿ ಮ್ಯೂನಿಕ್ ನಗರದಲ್ಲಿ, ರೈತರ ಮನೆ, ಹಬ್ಬ, ಪ್ರಾರ್ಥನೆಗಳನ್ನು ತೋರಿಸುವ ಇಂತಹ ಚಿತ್ರಗಳಿಗೆ ಬಹಳ ಬೇಡಿಕೆಯಿದ್ದಿತು. ಅವುಗಳನ್ನು ಕೊಳ್ಳುತ್ತಿದ್ದವರು ಹೆಚ್ಚಾಗಿ ನಗರವಾಸಿಗಳು. ಅವರಿಗೆ ಬೇಕಾಗಿದ್ದುದು ನಗು ತರಿಸುವ ಅಥವಾ ಮನ ಕರಗಿಸುವ ಒಂದು ಕಥೆ. ಆದ್ದರಿಂದ ಅನೇಕ ಚಿತ್ರಗಳಲ್ಲಿ ಹಳ್ಳಿಗನು ಸದಾ ಸಂತುಷ್ಟನಾಗಿ, ಸದಾ ಮುಗ್ಧನಾಗಿ ಕಾಣಿಸುತ್ತಿದ್ದನು.

ಈ ರೂಢಿಯಿಂದ ದೂರ ಸರಿದವನು ವಿಲ್ಹೆಲ್ಮ್ ಲೈಬ್ಲ್ (1844–1900). ಕಲೋನ್ ನಗರದಲ್ಲಿ, ಅಲ್ಲಿಯ ಪ್ರಧಾನ ಚರ್ಚಿನ ಸಂಗೀತ ನಿರ್ದೇಶಕನ ಮಗನಾಗಿ ಜನಿಸಿದ ಇವನು ಮ್ಯೂನಿಕ್‌ನ ಕಲಾ ಅಕಾಡೆಮಿಯಲ್ಲಿ ಕಲಿತನು. 1869ರಲ್ಲಿ ಫ್ರಾನ್ಸಿನ ವಾಸ್ತವವಾದಿ ಚಿತ್ರಕಾರ ಕೂರ್ಬೆಯ ಪರಿಚಯವಾಯಿತು. 1873ರಲ್ಲಿ ಲೈಬ್ಲ್ ನಗರವನ್ನು ತೊರೆದು ಬವೇರಿಯಾದ ಹಳ್ಳಿಗಳಲ್ಲಿ ನೆಲೆಸಿದನು. ಬೇಸಿಗೆಯ ಅತಿಥಿಯಂತೆ ಬಂದು ಹೋಗದೆ, ರೈತರ ನಡುವೆಯೇ ವರ್ಷಾನುಗಟ್ಟಲೆ ಬಾಳಿದನು.

‘ಚರ್ಚಿನಲ್ಲಿ ಮೂವರು ಸ್ತ್ರೀಯರು’ ಎಂಬ ಚಿತ್ರವನ್ನು ಅವನು 1878ರಲ್ಲಿ ಬೆರ್ಬ್ಲಿಂಗ್ ಎಂಬ ಹಳ್ಳಿಯಲ್ಲಿ ಆರಂಭಿಸಿ 1882ರಲ್ಲಿ ಮುಗಿಸಿದನು. ಈಗ ಅದು ಹ್ಯಾಂಬರ್ಗ್‌ನ ಕಲಾ ಸಂಗ್ರಹಾಲಯದಲ್ಲಿದೆ. ಮರದ ಹಲಗೆಯ ಮೇಲೆ ತೈಲವರ್ಣದಲ್ಲಿ ರಚಿತವಾದ ಅದರ ಎತ್ತರ ಸುಮಾರು 113 ಸೆಂಟಿಮೀಟರ್, ಅಗಲ ಸುಮಾರು 77 ಸೆಂಟಿಮೀಟರ್. ಇಷ್ಟು ಅಳತೆಯ ಚಿತ್ರಕ್ಕೆ ಮೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅದಕ್ಕೆ ಆ ಊರಿನ ಸ್ತ್ರೀಯರೇ ಮಾದರಿಯಾಗಿ ಕುಳಿತರು.

ಚಿತ್ರದಲ್ಲಿ ಘಟನೆಯೆಂಬುದಿಲ್ಲ. ಬೇರೆ ಬೇರೆ ವಯಸ್ಸಿನ ಮೂವರು ಸ್ತ್ರೀಯರು ಕೆತ್ತನೆಯ ಮರದ ಪೀಠಗಳ ನಡುವೆ ಇದ್ದಾರೆ. ಯುವತಿಯ ಕೈಯಲ್ಲಿ ತೆರೆದ ಪ್ರಾರ್ಥನಾ ಪುಸ್ತಕವಿದೆ. ಹಿರಿಯರಲ್ಲಿ ಒಬ್ಬಳು ಪುಸ್ತಕದ ಮೇಲೆ ಬಾಗಿದ್ದಾಳೆ, ಇನ್ನೊಬ್ಬಳು ಕೈಜೋಡಿಸಿದ್ದಾಳೆ. ಪೂಜಾವೇದಿಕೆಯಾಗಲಿ ಪಾದ್ರಿಯಾಗಲಿ ಕಾಣಿಸುವುದಿಲ್ಲ. ಯಾರೂ ನಮ್ಮತ್ತ ನೋಡುತ್ತಿಲ್ಲ. ಯುವತಿಯ ಚೌಕಳಿ ಬಟ್ಟೆಯ ಗೆರೆಗಳು, ಮುದುಕಿಯರ ಮುಖದ ಸುಕ್ಕುಗಳು, ದುಡಿದ ಕೈಗಳ ಬೆರಳುಗಳು—ಎಲ್ಲವನ್ನೂ ಒಂದೇ ನಿಷ್ಠೆಯಿಂದ ಬಿಡಿಸಲಾಗಿದೆ. ಲೈಬ್ಲ್ ಇಡೀ ಚಿತ್ರದ ರೇಖಾವಿನ್ಯಾಸವನ್ನು ಮೊದಲೇ ಹಾಕಿಕೊಳ್ಳದೆ ಭಾಗ ಭಾಗವಾಗಿ ಪೂರ್ಣಗೊಳಿಸುತ್ತಿದ್ದನು. ಆದ್ದರಿಂದ ದೇಹಗಳ ಪ್ರಮಾಣದಲ್ಲಿ ಲೋಪಗಳಿವೆ ಎಂಬ ಆಕ್ಷೇಪವೂ ಈ ಚಿತ್ರದ ಮೇಲೆ ಬಂದಿತು.

ಹಾಗಿದ್ದರೂ ಭಕ್ತಿಯು ಇಲ್ಲಿ ಮನಮುಟ್ಟುತ್ತದೆ. ಮೇಲೆತ್ತಿದ ಕಣ್ಣು, ಕಂಬನಿ, ದಿವ್ಯಪ್ರಭೆ ಇವಾವುದನ್ನೂ ಚಿತ್ರಕಾರನು ಆಶ್ರಯಿಸಿಲ್ಲ. ಆ ಸ್ತ್ರೀಯರ ಏಕಾಗ್ರತೆಯೇ ಅವರ ಭಕ್ತಿ. ಅದನ್ನು ಅಷ್ಟೇ ಏಕಾಗ್ರತೆಯಿಂದ ನೋಡುವುದೇ ಚಿತ್ರಕಾರನು ಅವರಿಗೆ ಸಲ್ಲಿಸಿದ ಗೌರವ. ಚಿತ್ರವನ್ನು ನೋಡಬಂದ ರೈತರು ತಮಗರಿವಿಲ್ಲದೆಯೇ ಅದರ ಮುಂದೆ ಕೈಜೋಡಿಸಿದರೆಂದು ಲೈಬ್ಲ್ ತನ್ನ ತಾಯಿಗೆ ಬರೆದನು. ಯಾರ ಬದುಕು ಚಿತ್ರವಾಯಿತೋ ಅವರೇ ಅದನ್ನು ತಮ್ಮದೆಂದು ಒಪ್ಪಿಕೊಂಡರು.

ತರಗತಿಯಲ್ಲಿ ಈ ಚಿತ್ರವನ್ನು ತೋರಿಸುವಾಗ ಅರ್ಥವನ್ನು ಮೊದಲೇ ಹೇಳಬಾರದು. ಎರಡು ನಿಮಿಷ ಮೌನವಾಗಿ ನೋಡಲು ಬಿಟ್ಟು, ಕಂಡದ್ದನ್ನು ಮಾತ್ರ ಹೇಳುವಂತೆ ಮಕ್ಕಳಿಗೆ ಸೂಚಿಸಬೇಕು. ಕೈಗಳು ಹೇಗಿವೆ? ಪುಸ್ತಕವನ್ನು ಹೇಗೆ ಹಿಡಿದಿದ್ದಾರೆ? ಊಹೆಗೆ ಅನಂತರದ ಸ್ಥಾನ. ಬಳಿಕ, ತಮ್ಮ ಮನೆಯ ಹಿರಿಯರೊಬ್ಬರು ಕೆಲಸದಲ್ಲಿಯೋ ಪ್ರಾರ್ಥನೆಯಲ್ಲಿಯೋ ತೊಡಗಿರುವುದನ್ನು ಹತ್ತು ವಾಕ್ಯಗಳಲ್ಲಿ ವರ್ಣಿಸಲು ಹೇಳಬಹುದು. ಒಂದು ನಿಯಮವಿರಲಿ: ‘ಮುಗ್ಧ’, ‘ಪಾಪ’, ‘ಬಡಪಾಯಿ’ ಎಂಬ ಪದಗಳನ್ನು ಬಳಸಕೂಡದು. ಹಳ್ಳಿಯ ಬದುಕನ್ನು ಕುರಿತ ನಮ್ಮ ಪ್ರಬಂಧಗಳಲ್ಲಿ ಈ ಪದಗಳು ಬಹುಬೇಗ ಬಂದುಬಿಡುತ್ತವೆ. ಬಂದೊಡನೆ ನೋಡುವ ಕೆಲಸ ನಿಂತುಹೋಗುತ್ತದೆ. ಆ ಪದಗಳ ನೆರವಿಲ್ಲದೆ ಬರೆಯಬೇಕಾದ ವಿದ್ಯಾರ್ಥಿಯು ತನ್ನ ಅಜ್ಜಿಯ ಕೈಗಳನ್ನು ಮತ್ತೊಮ್ಮೆ ನೋಡಲೇಬೇಕಾಗುತ್ತದೆ.