ಕೆಮ್ಮಣ್ಣಿನ ಊರಿನಲ್ಲಿ ಕಸವೂ ಮಳೆಯೂ

ಬೀದರ ನಗರವು ಜಂಬಿಟ್ಟಿಗೆಯ ವಿಶಾಲವಾದ ದಿಬ್ಬದ ಮೇಲೆ ನಿಂತಿದೆ. ಮಿರಗದ ಮಳೆ ಧೋ ಎಂದು ಸುರಿದು ನಿಂತ ಸ್ವಲ್ಪ ಹೊತ್ತಿನಲ್ಲಿಯೇ ಇಲ್ಲಿಯ ಕೆಂಪು ಬಯಲು ಒಣಗಿದಂತೆ ಕಾಣುವುದುಂಟು. ಅಷ್ಟು ನೀರು ಎಲ್ಲಿಗೆ ಹೋಯಿತು? ಮೈಯೆಲ್ಲ ರಂಧ್ರವಾದ ಆ ಕಲ್ಲು ಅದನ್ನು ಕುಡಿದಿರುತ್ತದೆ. ಕುಡಿದ ನೀರು ಇಳಿದಿಳಿದು, ಕೆಳಗಿನ ಬಿಗಿಯಾದ ಜೇಡಿಯನ್ನೂ ಕಪ್ಪು ಶಿಲೆಯನ್ನೂ ಮುಟ್ಟಿ, ಮುಂದೆ ದಾರಿಗಾಣದೆ ಅಡ್ಡಲಾಗಿ ಹರಿದು, ದಿಬ್ಬದ ಅಂಚಿನಲ್ಲಿ ಚಿಲುಮೆಯಾಗಿ ಹೊರಬೀಳುತ್ತದೆ. ನರಸಿಂಹ ಝರಣಿಯ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಪಡೆಯುವುದೂ, ಗುರುನಾನಕ್ ಝೀರಾದಲ್ಲಿ ಯಾತ್ರಿಕರು ತೀರ್ಥ ಸೇವಿಸುವುದೂ ಈ ಕಲ್ಲಿನ ದಯೆಯಿಂದಲೇ.

15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರ ರಾಜಧಾನಿಯು ಕಲಬುರಗಿಯಿಂದ ಇಲ್ಲಿಗೆ ಬಂದ ಬಳಿಕ, ನೆಲದ ಈ ಮರ್ಮವನ್ನರಿತ ಕುಶಲಿಗಳು ಪಾರಸಿಕ ದೇಶದ ಪದ್ಧತಿಯಂತೆ ಕಾರೇಜುಗಳನ್ನು ಕೊರೆದರು. ಜನರು ಅವನ್ನು ಸುರಂಗಬಾವಿಯೆಂದು ಕರೆಯುತ್ತಾರೆ. ನೌಬಾದಿನ ಕಾರೇಜಿಗೆ 21 ಗಾಳಿಬಾವಿಗಳಿದ್ದುವೆಂದು ಲೆಕ್ಕ. ಕಾಲಾಂತರದಲ್ಲಿ ಅವುಗಳಲ್ಲಿ ಅನೇಕವು ಮಣ್ಣಿನಿಂದಲೂ ಕಸದಿಂದಲೂ ಮುಚ್ಚಿಹೋದುವು. 2015ರ ಸುಮಾರಿಗೆ ಹೂಳೆತ್ತುವ ಕಾರ್ಯ ಆರಂಭವಾದ ಮೇಲೆಯೇ ಒಳಗಿನ ನೀರು ಮತ್ತೆ ಬೆಳಕು ಕಂಡಿತು. ಇಂತಹ ನೆಲದ ಮೇಲೆ ಬರಿದೆ ಕಸ ಸುರಿಯುವುದೆಂದರೆ ಕುಡಿಯುವ ಬಾವಿಯ ಬಾಯಲ್ಲಿ ಸುರಿದಂತೆಯೇ ಸರಿ.

ಆದುದರಿಂದ ಊರಿನ ಕಸವನ್ನು ಹೂಳುವ ತಾಣದ ದಿನಚರಿಯನ್ನು ಗೃಹಸ್ಥರು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಬಂದ ಗಾಡಿಯನ್ನು ತುಂಬಿದಾಗಲೊಮ್ಮೆ, ಬರಿದಾದಾಗಲೊಮ್ಮೆ ತೂಗಿ ಲೆಕ್ಕ ಬರೆಯಬೇಕು. ಹಸಿಕಸ ಗೊಬ್ಬರಕ್ಕೂ ಕಾಗದ, ಡಬ್ಬಿಗಳು ಗುಜರಿಗೂ ಹೋಗಿ, ಯಾವುದಕ್ಕೂ ಬಾರದ ಶೇಷ ಮಾತ್ರ ಗುಂಡಿಗಿಳಿಯಬೇಕೆಂಬುದು ನಿಯಮ. ಮನೆಯಲ್ಲಿ ಎರಡು ಬುಟ್ಟಿಗಳನ್ನಿಡಲು ಬೇಸರಿಸುವವರಿರುವಾಗ ಈ ನಿಯಮ ಎಷ್ಟರಮಟ್ಟಿಗೆ ನಡೆದೀತೆಂಬುದನ್ನು ವಾಚಕರೇ ಊಹಿಸಬಹುದು! ಕಸವನ್ನು ಬಯಲೆಲ್ಲ ಹರವದೆ, ಆ ದಿನಕ್ಕೆಂದು ಗೊತ್ತುಮಾಡಿದ ಸಣ್ಣ ಪಾತಿಯಲ್ಲಿಯೇ ಸುರಿದು, ತೆಳುವಾಗಿ ಹರಡಿ, ಯಂತ್ರದಿಂದ ಅದುಮಿಸಿ, ಸಂಜೆಗೆ 10 ಸೆಂಟಿಮೀಟರ್ ಮಣ್ಣು ಹೊದಿಸಬೇಕು. ನೊಣ, ನಾಯಿ, ಬೆಂಕಿ ಈ ಮೂರಕ್ಕೂ ಆ ಮಣ್ಣೇ ಮದ್ದು. ಹದ್ದುಗಳಿಗೂ ಅದೇ. ಬೀದರದಲ್ಲಿ ವಾಯುಪಡೆಯ ತರಬೇತಿ ನೆಲೆಯಿರುವುದರಿಂದ ಹದ್ದುಗಳ ವಿಷಯ ಹಗುರವಾದುದಲ್ಲ. ವಾಯುನೆಲೆಗಳಿಂದ 20 ಕಿಲೋಮೀಟರಿನೊಳಗೆ ಇಂತಹ ತಾಣ ಸಾಮಾನ್ಯವಾಗಿ ಕೂಡದೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದುದು ಈ ಕಾರಣದಿಂದಲೇ.

ನಿಜವಾದ ಪರೀಕ್ಷೆ ಮಳೆಗಾಲದ್ದು. ಒಂದು ಎಕರೆಯ ಮೇಲೆ ಒಂದೇ ಅಂಗುಲ ಮಳೆ ಬಿದ್ದರೂ ಅದು ಒಂದು ಲಕ್ಷ ಲೀಟರಿಗೂ ಹೆಚ್ಚಿನ ನೀರು. ನಿರ್ಮಲವಾದ ಆ ನೀರು ಕಸದೊಳಗಿಳಿದು ತಳ ಸೇರುವ ವೇಳೆಗೆ ಕಪ್ಪು ಕಷಾಯವಾಗಿರುತ್ತದೆ. ಮಳೆಯ ನೀರೂ ಕಸದ ನೀರೂ ಒಂದನ್ನೊಂದು ಕೂಡದಂತೆ ನೋಡಿಕೊಳ್ಳುವುದೇ ಇಲ್ಲಿಯ ವಿದ್ಯೆಯೆಲ್ಲ. ಮೇಲಿನ ಇಳಿಜಾರಿನಿಂದ ಬರುವ ನೀರನ್ನು ಒಡ್ಡು, ಕಾಲುವೆಗಳಿಂದ ತಡೆದು ಸುತ್ತುಹಾಕಿಸಿ ಸಾಗಿಸಬೇಕು. ಮಳೆ ಹಿಡಿಯುವ ಮೊದಲೇ ಕಸದ ಮೇಲೆ 40ರಿಂದ 65 ಸೆಂಟಿಮೀಟರ್ ಮಣ್ಣು ಹಾಸಿ ಅದುಮಿ, ನೀರು ನಿಲ್ಲದಂತೆ ಓಟ ಕೊಡಬೇಕು. ತಳದಲ್ಲಿ 90 ಸೆಂಟಿಮೀಟರ್ ಜೇಡಿಮಣ್ಣು, ಅದರ ಮೇಲೆ ಒಂದೂವರೆ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಸು. ಅದರ ಮೇಲೆ ಕೂಡಿದ ಕೊಳೆನೀರನ್ನು ಕೊಳವೆಗಳಿಂದ ಬೇರೊಂದು ಹೊಂಡಕ್ಕೆ ತಂದು ಶುದ್ಧಿಗೊಳಿಸಬೇಕು. ಬೇಸಗೆಯಲ್ಲಿಯೇ ಆ ಹೊಂಡವನ್ನು ಬರಿದುಮಾಡಿ, ಕಾಲುವೆಗಳ ಹೂಳು ತೆಗೆಯದಿದ್ದರೆ, ಜೂನ್ ತಿಂಗಳ ಒಂದೇ ರಾತ್ರಿಯ ಮಳೆಯಲ್ಲಿ ಎಲ್ಲವೂ ಹೊರಚೆಲ್ಲುತ್ತದೆ. ಬಿಸಿಲಿನಲ್ಲಿ ಸನಿಕೆ ಹಿಡಿದು ಈ ಕೆಲಸ ಮಾಡುವ ಕೂಲಿಗಳನ್ನು ನಗರದವರು ನೋಡುವ ಸಂದರ್ಭವೇ ಬರುವುದಿಲ್ಲ.

ಭಾಲ್ಕಿಯ ಪುರಸಭೆಗೂ ಔರಾದಿನ ಪಟ್ಟಣ ಪಂಚಾಯತಿಗೂ ಕಷ್ಟ ಬೇರೆ ತೆರನಾದುದು. ಅಲ್ಲಿ ಬಹುಪಾಲು ಎರೆಭೂಮಿ. ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಆ ಮಣ್ಣು, ನೆನೆದ ಮೇಲೆ ಉಬ್ಬಿ ಬಿರುಕುಗಳನ್ನು ಮುಚ್ಚಿಕೊಂಡು, ಹೆಚ್ಚಿನ ನೀರನ್ನು ಒಳಗೆ ಬಿಡದೆ ಮೇಲೆಯೇ ಹರಿಸುತ್ತದೆ. ಎರೆಯೇ ಜೇಡಿಯಲ್ಲವೆ, ಹಾಸು ಬೇರೆ ಏಕೆಂದು ಕೇಳುವವರುಂಟು. ಮೊದಲ ಮಳೆಯ ನೀರು ಇಳಿಯುವುದು ಆ ಬಿರುಕುಗಳ ದಾರಿಯಿಂದಲೇ ಎಂಬುದು ಅದಕ್ಕೆ ಉತ್ತರ. ಆಮೇಲೆ ಮೇಲೆ ಹರಿದುದು ಹಳ್ಳ ಸೇರುತ್ತದೆ. ಹಳ್ಳಗಳು ಕಾರಂಜಾ, ಮಾಂಜ್ರಾಗಳನ್ನು ಸೇರುತ್ತವೆ. ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದ ನೀರನ್ನು ಹೊಲಗಳೂ ಮನೆಗಳೂ ಬಳಸುತ್ತವೆ. ಮಾಂಜ್ರಾ ಮುಂದೆ ಸಿಂಗೂರು ಜಲಾಶಯವನ್ನು ತುಂಬಿ, ಹೈದರಾಬಾದಿನ ಕೊಡಗಳಿಗೂ ಇಳಿಯುತ್ತದೆ.

ಗುಂಡಿ ತುಂಬಿ ಹುಲ್ಲು ಬೆಳೆದರೆ ಕೆಲಸ ತೀರಿತೆಂದಲ್ಲ. ತಾಣದ ಎಲ್ಲೆಯಿಂದ 50 ಮೀಟರಿನೊಳಗಿನ ಅಂತರ್ಜಲವನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕು; ಮುಚ್ಚಿದ ಬಳಿಕವೂ ಕಡಿಮೆಯೆಂದರೆ 15 ವರ್ಷ ಮೇಲಿನ ಹೊದಿಕೆ, ಕಾಲುವೆ, ಕೊಳೆನೀರುಗಳನ್ನು ನೋಡಿಕೊಳ್ಳುತ್ತಿರಬೇಕೆಂದು ಅದೇ ನಿಯಮಗಳಲ್ಲಿ ಬರೆದಿತ್ತು. ಅಂದರೆ ಇಂದು ಮುಚ್ಚುವ ಗುಂಡಿಯ ಕಾಲುವೆಯನ್ನು ಇನ್ನೂ ಹದಿನೈದು ಮಿರಗಗಳ ಮೊದಲು ಯಾರಾದರೂ ಹೋಗಿ ತೋಡಬೇಕಾಗುತ್ತದೆ.