ಇಂದು ಇಂಡಿ, ನಾಳೆ ಸಿಂದಗಿ!

‘ತಮ್ಮಾ, ನಾಳೆ ರಾತ್ರಿ ಸಿಂದಗಿ ಕಡೆ ಒಂದು ಪ್ರೋಗ್ರಾಂ ಐತಿ. ಕ್ಯಾಸಿಯೋದವ ಕೈ ಕೊಟ್ಟಾನ. ಬರ್ತೀಯೇನು?’

ಇಂಥ ಫೋನ್ ಬರುವುದು ಇಂಟರ್ನಲ್ಸ್ ಹತ್ತಿರ ಬಂದಾಗಲೇ. ಕೀಬೋರ್ಡ್ ಯಾವ ಕಂಪನಿಯದೇ ಇರಲಿ, ನಮ್ಮ ಕಡೆ ಅದರ ಹೆಸರು ಕ್ಯಾಸಿಯೋ. ಹಾರ್ಮೋನಿಯಂ ಎಂದರೆ ಪೇಟಿ. ಎರಡನ್ನೂ ನುಡಿಸುವ ನಾನು ಯಾವ ತಂಡಕ್ಕೂ ಸೇರಿದವನಲ್ಲ. ವಿಜಯಪುರದಲ್ಲಿ ಬಿ.ಇ. ಓದುತ್ತಾ, ಕರೆದವರ ಜೊತೆ ಒಂದು ರಾತ್ರಿ ಕೂತು ನುಡಿಸಿ, ಬೆಳಗಿನ ಬಸ್ಸಿಗೆ ಕಾಲೇಜಿಗೆ ಬರುವವನು. ಇದಕ್ಕೆ ಫ್ರೀಲಾನ್ಸಿಂಗ್ ಎಂಬ ಚೆಂದದ ಹೆಸರಿದೆ. ನಮ್ಮವ್ವ ಮಾತ್ರ ‘ಊರೂರು ತಿರುಗೋದು’ ಅನ್ನುತ್ತಾಳೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ವಿಜಯಪುರದಿಂದ ಸುಮಾರು ನಲವತ್ತರಿಂದ ಎಂಬತ್ತು ಕಿಲೋಮೀಟರ್ ದೂರದ ಊರುಗಳು. ಪೇಟಿ ಒಂದೇ, ಸ್ವರ ಅವೇ. ಆದರೂ ಒಂದೊಂದು ಕಡೆ ಒಂದೊಂದು ಪಾಠ ಆಯಿತು.

ಮೊದಲು ಕೂತದ್ದು ಇಂಡಿ ತಾಲ್ಲೂಕಿನ ಒಂದು ಭಜನಾ ಮೇಳದಲ್ಲಿ. ಮಧುರಚೆನ್ನರು ಮತ್ತು ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಸಂಗ್ರಹಿಸಿದ್ದು ಹಳೆಯ ಇಂಡಿ ತಾಲ್ಲೂಕಿನ ಈ ನೆಲದಲ್ಲೇ. ಮೇಳದಲ್ಲಿ ಒಬ್ಬರು ಪದ ಎತ್ತುತ್ತಾರೆ, ಉಳಿದವರು ಹಿಂದೆ ಹಾಡುತ್ತಾರೆ. ತಬಲಾ, ದಮ್ಮಡಿ, ತಾಳ ಎಲ್ಲವೂ ನಿಧಾನಕ್ಕೆ ಶುರುವಾಗಿ ಕೊನೆಗೆ ಓಡತೊಡಗುತ್ತವೆ. ಯೂಟ್ಯೂಬ್ ನೋಡಿ ಕಲಿತ ಕೈಚಳಕವನ್ನೆಲ್ಲ ನಾನು ಮೊದಲ ಪದದಲ್ಲೇ ಸುರಿದೆ. ಮೇಳದ ಹಿರಿಯರೊಬ್ಬರು ಮೆತ್ತಗೆ ಅಂದರು: ‘ತಮ್ಮಾ, ಚಲೋ ಬಾರಸ್ತಿ. ಆದರ ಪದ ಕೇಳಸವಲ್ದು.’

ಸಿಂದಗಿ ಕಡೆ ಸಿಕ್ಕದ್ದು ಆರ್ಕೆಸ್ಟ್ರಾ. ಅಲ್ಲಿ ತಾಲೀಮು ಎಂಬುದೇ ಇಲ್ಲ. ಹಾಡಿನ ಪಟ್ಟಿ ಕೈಗೆ ಬರುವುದು ಗಾಡಿಯಲ್ಲಿ. ಗಾಯಕ ವೇದಿಕೆ ಹತ್ತುವಾಗ ‘ಕರಿ ಎರಡು’ ಎಂದು ಬೆರಳು ತೋರಿಸಿದರೆ ಅಷ್ಟೇ ಸೂಚನೆ. ಮುಂದಿನ ಗಾಯಕಿ ‘ಬಿಳಿ ನಾಲ್ಕು’ ಎಂದರೆ ಚಪ್ಪಾಳೆ ನಿಲ್ಲುವುದರೊಳಗೆ ಶ್ರುತಿ ಬದಲಾಗಬೇಕು. ಕ್ಯಾಸಿಯೋದಲ್ಲಿ ಅದಕ್ಕೊಂದು ಗುಂಡಿ ಇದೆ, ಪೇಟಿಯಲ್ಲಿ ಬೆರಳೇ ದಾರಿ ಹುಡುಕಬೇಕು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ–ಉತ್ಸವಗಳಿಗೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿವರೆಗೆ ಸಡಿಲಿಕೆ ಕೊಡಬಹುದು. ಭಾಷಣ, ಸನ್ಮಾನ ಮುಗಿಯುವಷ್ಟರಲ್ಲಿ ಒಂಬತ್ತೂವರೆ ಆಗಿರುತ್ತದೆ. ಇಪ್ಪತ್ತು ಹಾಡು ಏಳಕ್ಕೆ ಇಳಿಯುತ್ತವೆ. ಆಮೇಲೆ ‘ಏಳ ಹಾಡಿಗೆ ಇಷ್ಟ್ಯಾಕ ರೊಕ್ಕ’ ಎಂಬ ವಾದ.

ಮುದ್ದೇಬಿಹಾಳ ತಾಲ್ಲೂಕಿನ ಹಳ್ಳಿಯಲ್ಲಿ ಕೂತದ್ದು ನಾಟಕಕ್ಕೆ. ಊರ ಹುಡುಗರು ತಿಂಗಳುಗಟ್ಟಲೆ ಮಾತು ಬಾಯಿಪಾಠ ಮಾಡಿರುತ್ತಾರೆ. ನಾಯಕಿಯ ಪಾತ್ರದವರು ಮಾತ್ರ ಅದೇ ಸಂಜೆ ಬಸ್ಸಿಳಿದು ಬರುತ್ತಾರೆ. ಅವರೂ ನನ್ನಂತೆ ಕರೆದಲ್ಲಿಗೆ ಹೋಗುವವರೇ. ಅವರು ಬಣ್ಣ ಹಚ್ಚಿಕೊಳ್ಳುತ್ತಲೇ ನನಗೆ ಹಾಡಿನ ಧಾಟಿ ಗುನುಗಿ ತೋರಿಸಿದರು. ಊರ ಹುಡುಗನೊಬ್ಬ ಮಾತು ಮರೆತು ನಿಂತಾಗ, ನಾಟಕ ಬಲ್ಲ ಪೇಟಿ ಮಾಸ್ತರ್ ಸಣ್ಣಗೆ ಒಂದು ಸ್ವರ ಹಿಡಿದು ಅವನ ಮಾನ ಉಳಿಸಬೇಕು. ಬಸವಣ್ಣನವರ ಬಾಗೇವಾಡಿಯಲ್ಲಿ ವಚನಗಾಯನಕ್ಕೆ ಕೂತಾಗ ಇದರ ಉಲ್ಟಾ ಪಾಠ. ವಚನಕ್ಕೆ ಹಾಡಿನಂತೆ ಅಳತೆಯ ಸಾಲಿಲ್ಲ. ಗಾಯಕರು ಮಾತಿನ ನಡುವೆ ನಿಂತರೆ ಪೇಟಿಯೂ ಸುಮ್ಮನಿರಬೇಕು. ಆ ಮೌನವನ್ನು ತುಂಬಲು ಹೋದರೆ ಅರ್ಥವೇ ಮುರಿಯುತ್ತದೆ.

ಅವ್ವ ಬೈಯುವ ‘ಊರೂರು ತಿರುಗೋದು’ ನಮ್ಮ ಸೀಮೆಯ ಸಂಗೀತಕ್ಕೆ ಹೊಸದೇನಲ್ಲ. ಪಂಚಾಕ್ಷರಿ ಗವಾಯಿಗಳು (1892–1944) ಶಿಷ್ಯರನ್ನು ಕಟ್ಟಿಕೊಂಡು ತಿರುಗುತ್ತಲೇ ಕಲಿಸಿದವರು. ಅವರ ನಂತರ ಪುಟ್ಟರಾಜ ಗವಾಯಿಗಳು ಬೆಳೆಸಿದ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು ಇವತ್ತಿಗೂ ಎಷ್ಟೋ ಮೇಳಗಳಿಗೆ ಆಧಾರ. ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಹಾಡಿದವರು. ಮುಂಬೈ ಚಿತ್ರಗೀತೆಗಳ ಹಿಂದೆ ವಯೊಲಿನ್, ಟ್ರಂಪೆಟ್ ನುಡಿಸಿದ ಗೋವಾದ ಎಷ್ಟೋ ವಾದಕರು ಹೋಟೆಲು–ಕ್ಲಬ್ಬುಗಳಲ್ಲೂ ದುಡಿದವರು. ರೆಕಾರ್ಡಿನ ಮೇಲೆ ಅವರ ಹೆಸರು ಬರುತ್ತಿರಲಿಲ್ಲ. ಕೆಲಸ ತಂದುಕೊಟ್ಟದ್ದು ಅವರ ಮೇಲಿದ್ದ ಭರವಸೆ.

ಆ ಭರವಸೆಯನ್ನು ನಾನು ಕಳೆದ ಶಿವರಾತ್ರಿಗೆ ಕಳೆದುಕೊಂಡೆ.

ಇಂಡಿಯ ಮೇಳಕ್ಕೆ ಜಾಗರಣೆ ಭಜನೆಗೆ ಬರುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅವರು ಕೊಡುವುದು ಐನೂರು ರೂಪಾಯಿ, ಜೊತೆಗೆ ಊಟ. ಹಿಂದಿನ ದಿನ ಸಿಂದಗಿ ಕಡೆಯಿಂದ ಎರಡು ಸಾವಿರದ ಕರೆ ಬಂತು. ಪರೀಕ್ಷಾ ಶುಲ್ಕ ಕಟ್ಟುವುದಿತ್ತು. ಇಂಡಿಗೆ ಫೋನ್ ಮಾಡಿ ‘ಜ್ವರ ಬಂದಾವ್ರೀ ಕಾಕಾ’ ಅಂದೆ. ಆ ರಾತ್ರಿ ಯಾರೋ ಆರ್ಕೆಸ್ಟ್ರಾದ ವಿಡಿಯೊ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದರು. ಅದರಲ್ಲಿ ನಾನು ನಗುತ್ತಾ ನುಡಿಸುತ್ತಿದ್ದೆ.

ದುಡ್ಡು ಪೂರ್ತಿ ಬಂತು, ಶುಲ್ಕವನ್ನೂ ಕಟ್ಟಿದೆ. ಆದರೆ ಫೋನ್ ನಿಂತಿತು. ನಾಲ್ಕು ತಾಲ್ಲೂಕು ನೋಡಲು ದೊಡ್ಡದು; ಬಾರಿಸುವವರ ಮಟ್ಟಿಗೆ ಅದು ಒಂದೇ ಓಣಿ. ಇಂಡಿಯ ತಬಲಾದವರು ಮುದ್ದೇಬಿಹಾಳದ ನಾಟಕಕ್ಕೂ ಹೋಗುತ್ತಾರೆ, ಅಲ್ಲಿಯ ಡೋಲಕ್‌ನವರು ಬಾಗೇವಾಡಿಗೂ ಬರುತ್ತಾರೆ. ನಾಲ್ಕು ತಿಂಗಳು ಯಾರೂ ಕರೆಯಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಕರೆಯದಿದ್ದರೂ ಇಂಡಿ ಬಸ್ ಹತ್ತಿದೆ. ಕಾಕಾ ಗುಡಿಯ ಕಟ್ಟೆಯ ಮೇಲಿದ್ದರು. ತಪ್ಪಾಯಿತು ಎಂದೆ. ಅವರು ಬೈಯಲಿಲ್ಲ. ‘ರೊಕ್ಕ ಹೆಚ್ಚ ಬಂದಾವು, ಅಲ್ಲಿ ಹೋಗ್ತೀನಿ ಅಂದಿದ್ರ ನಾವಾ ಕಳಸ್ತಿದ್ವಿ. ಜ್ವರ ಅಂದಿ. ನಮ್ಮವ್ವ ಅವತ್ತು ರಾತ್ರಿಯೆಲ್ಲಾ, ಆ ಹುಡುಗಂದು ಜ್ವರ ಇಳೀತೇನೋ ಕೇಳ್ರೋ ಅಂತ ಅನ್ನಾಕತ್ತಿದ್ಳು’ ಅಂದರು. ನನ್ನ ಬಾಯಿಂದ ಮಾತು ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ‘ಪೇಟಿ ಒಳಗೈತಿ, ತಗೊಂಡು ಬಾ’ ಎಂದರು. ಅಂದು ನಾನು ಸ್ವರ ಬಿಟ್ಟರೆ ಬೇರೇನೂ ಬಾರಿಸಲಿಲ್ಲ. ಪದ ಚೆನ್ನಾಗಿ ಕೇಳಿಸುತ್ತಿತ್ತು. ದುಡ್ಡು ತೆಗೆದುಕೊಳ್ಳಲಿಲ್ಲ.

ಹಾಡು, ಫೋಟೊ, ಕೋಡಿಂಗ್, ಟ್ಯೂಷನ್ ಏನನ್ನೇ ಆಗಲಿ, ನನ್ನಂತೆ ಬಿಡಿಬಿಡಿಯಾಗಿ ಮಾಡುವ ಗೆಳೆಯರಿಗೆ ನನ್ನ ನೋಟ್‌ಬುಕ್ಕಿನ ನಾಲ್ಕು ಸಾಲು ಹೇಳುತ್ತೇನೆ. ಒಪ್ಪಿಕೊಂಡ ದಿನಾಂಕವನ್ನು ಆಗಲೇ ಬರೆಯಿರಿ, ಅದರ ಪಕ್ಕದಲ್ಲೇ ಪರೀಕ್ಷೆಯ ವೇಳಾಪಟ್ಟಿ ಇರಲಿ. ವಿಟಿಯು ಕೇಳುವ ಶೇ 85ರ ಹಾಜರಾತಿ ಯಾವ ಜಾತ್ರೆಗೂ ಕಾಯುವುದಿಲ್ಲ. ದುಡ್ಡೆಷ್ಟು, ಯಾವಾಗ ಕೊಡುತ್ತಾರೆ, ರಾತ್ರಿ ವಾಪಸ್ ಬಿಡುವವರು ಯಾರು ಎಂಬುದನ್ನು ಹೊರಡುವ ಮೊದಲೇ ಮಾತಾಡಿ. ಮೆಸೇಜಿನಲ್ಲಿದ್ದರೆ ಇನ್ನೂ ಒಳ್ಳೆಯದು. ಕೇಬಲ್, ಅಡಾಪ್ಟರ್ ನಿಮ್ಮದೇ ಇರಲಿ. ಬರಲಾಗದಿದ್ದರೆ ನಿಜವಾದ ಕಾರಣವನ್ನೇ ಹೇಳಿ, ಜೊತೆಗೆ ಇನ್ನೊಬ್ಬರ ನಂಬರ್ ಕೊಡಿ.

ಮುಂದಿನ ವಾರ ಇಂಡಿಯಲ್ಲಿ ಭಜನೆ. ಅದೇ ಐನೂರು ರೂಪಾಯಿ, ಅದೇ ಊಟ. ನಿನ್ನೆ ಅದೇ ದಿನಕ್ಕೆ ಇನ್ನೊಂದು ಆರ್ಕೆಸ್ಟ್ರಾದವರು ಕೇಳಿದರು. ‘ಇಂಡಿಗೆ ಮಾತು ಕೊಟ್ಟೀನ್ರಿ’ ಎಂದು ಗೆಳೆಯನ ನಂಬರ್ ಕಳಿಸಿದೆ.